ಭಟ್ಕಳದಿಂದ ಕುಮಟೆಗೆ, ಮೊಗ್ಗು ಅರಳುವುದರೊಳಗೆ

ಪ್ರವಾಸದ ಬಗ್ಗೆ ಬರೆಯುವ ನಾವು ಹತ್ತು-ಹನ್ನೆರಡು ಮಂದಿ ಸೇರಿ ಒಂದು ಪುಸ್ತಕ ತರುವುದೆಂದು ಮಾತಾಯಿತು. ಅದರ ಮೊದಲ ಪುಟಗಳಿಗೆ ಪ್ರತಿಯೊಬ್ಬರೂ ತಮ್ಮ ಪರಿಚಯ ಬರೆದುಕೊಡಬೇಕು. ಓದಿದ್ದೇನು, ಎಷ್ಟು ಶಾಲು ಹೊದ್ದಿದ್ದೀರಿ, ಅದೆಲ್ಲ ಬೇಡ, ಎರಡೇ ಪ್ರಶ್ನೆ ಎಂದರು. ನಿಮಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯಾಣ ಯಾವುದು? ಹೋಗಬೇಕೆಂದು ಕನಸು ಕಂಡ ಊರು ಯಾವುದು?

ಉಳಿದವರು ಬರೆದದ್ದನ್ನು ನನಗೂ ಕಳಿಸಿದ್ದರು. ಒಬ್ಬರು ಮಾನಸ ಸರೋವರ, ಒಬ್ಬರು ಆಲ್ಪ್ಸ್ ಪರ್ವತದ ರೈಲು, ಇನ್ನೊಬ್ಬರು ಸಹಾರಾದಲ್ಲಿ ಒಂಟೆಯ ಮೇಲೆ ಕೂತದ್ದು. ಚೆನ್ನಾಗಿಯೇ ಬರೆದಿದ್ದರು. ನಾನು ಮೊದಲನೆಯದಕ್ಕೆ "ಭಟ್ಕಳದಿಂದ ಕುಮಟೆ" ಎಂದು ಬರೆದೆ. ಎರಡನೆಯದಕ್ಕೆ "ಒಂದು ಕಾಲಕ್ಕೆ ಮುಂಬಯಿ, ಮುಂದೆ ಅಲ್ಲಿಗೆ ನೂರಾರು ಸಲ ಹೋದ ಕಾರಣ ಈಗ ಆ ಕನಸು ಬೀಳುವುದಿಲ್ಲ" ಎಂದು ಬರೆದು ಕಳಿಸಿದೆ. ಪುಸ್ತಕದ ಹೊಣೆ ಹೊತ್ತಿದ್ದವರು ಫೋನು ಮಾಡಿದರು. ತಮಾಷೆ ಬೇಡ, ಇಡೀ ದೇಶ ಸುತ್ತಿದವರು ನೀವು, ಲೇಹದ ದಾರಿಯ ಬಗ್ಗೆ ಬರೆದವರು, ಅದನ್ನೇ ಹಾಕೋಣ ಎಂದರು.

ನಾನು ತಮಾಷೆ ಮಾಡಿರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು; ಅಪ್ಪನಿಗೆ ಗದ್ದೆಯಲ್ಲಿ ಜೊತೆಗೊಂದು ಆಳು ಬೇಕಿತ್ತು. ಆಮೇಲೆ ಓದಿದ್ದೆಲ್ಲ ಪೊಟ್ಟಣ ಕಟ್ಟಿದ ಕಾಗದದಲ್ಲಿ, ಮೈಲಿಗಲ್ಲುಗಳ ಮೇಲೆ. ಮೂವತ್ತು ವರ್ಷ ಲಾರಿ ಓಡಿಸಿದೆ. ಸರಕು ಇಳಿಸುವ ತನಕ ಕಾಯುವ ಹೊತ್ತಿನಲ್ಲಿ ಸ್ಟೇರಿಂಗಿನ ಮೇಲೆ ಪಟ್ಟಿ ಪುಸ್ತಕ ಇಟ್ಟುಕೊಂಡು ಕಂಡದ್ದನ್ನು ಬರೆದೆ. ಒಂದು ವಾರಪತ್ರಿಕೆಯವರು ಹಾಕಿದರು, ಜನ ಓದಿದರು. ಯಾರ ಶಿಫಾರಸೂ ಇಲ್ಲದೆ ಬರಹಗಾರ ಎನ್ನಿಸಿಕೊಂಡೆ ಎಂಬ ಹಮ್ಮು ನನಗಿದೆ, ಇಲ್ಲವೆನ್ನುವುದಿಲ್ಲ. ಹಾಗಾಗಿ ನನ್ನ ಇಷ್ಟದ ಪ್ರಯಾಣ ಯಾವುದೆಂದು ಇನ್ನೊಬ್ಬರು ಹೇಳಿಕೊಡುವುದು ಬೇಡ ಎಂದೆ. ಹಾಗಾದರೆ ಏಕೆಂದು ಬರೆದುಕೊಡಿ ಎಂದರು. ಬರೆದಿದ್ದೇನೆ. ಒಂದು ಪುಟದ ಪರಿಚಯ ಇಷ್ಟುದ್ದ ಆಗಿದೆ.

ಐವತ್ತರ ದಶಕದ ಕೊನೆಯಿಂದ ಆರೇಳು ವರ್ಷ ನಾನು ಮಲ್ಲಿಗೆ ಹೂ ಸಾಗಿಸಿದವನು. ನಮ್ಮ ಮನೆ ಮುಟ್ಟಳ್ಳಿಯಲ್ಲಿ. ಹಿತ್ತಲಿನಲ್ಲಿ ಅವ್ವನ ಮಲ್ಲಿಗೆ ಗಿಡಗಳಿದ್ದವು. ಭಟ್ಕಳದಲ್ಲಿ ಮಲ್ಲಿಗೆಗೆ ಗಿರಾಕಿ ಬಹಳ, ಆದರೆ ಮಲ್ಲಿಗೆ ಬೆಳೆಯುವವರೂ ಬಹಳ. ಕುಮಟೆಯ ಪೇಟೆಯಲ್ಲಿ ಹಾಗಲ್ಲ. ಅಲ್ಲಿ ಭಟ್ಕಳದ ಮಲ್ಲಿಗೆ ಎಂದರೆ ಹೆಂಗಸರು ದಾರಿ ಕಾಯುತ್ತಿದ್ದರು. ಅವ್ವ ಬೆಳಗಿನ ಹೊತ್ತು ಮೊಗ್ಗು ಕೊಯ್ಯುತ್ತಿದ್ದಳು. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ ದಂಡೆ ಮಾಡುತ್ತಿದ್ದಳು. ದಂಡೆಗಳನ್ನು ಬಾಳೆಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ, ಬುಟ್ಟಿಯಲ್ಲಿ ಇಟ್ಟರೆ ಅಲ್ಲಿಂದ ಮುಂದಿನದು ನನ್ನ ಕೆಲಸ.

ಕೆಲಸ ಇಷ್ಟೇ: ದಾರಿಯಲ್ಲಿ ಮೊಗ್ಗು ಬಾಯಿ ಬಿಡಬಾರದು. ಅರಳಿದ ಹೂ ಕುಮಟೆಗೆ ಮುಟ್ಟಿದರೆ ಅದು ನಿನ್ನೆಯ ಹೂವಿನ ಲೆಕ್ಕ. ಮೊಗ್ಗು ಮೊಗ್ಗಾಗಿಯೇ ಹೋಗಿ, ಸಂಜೆ ಹೆಂಗಸರ ತಲೆಯ ಮೇಲೆ ಅರಳಬೇಕು. ಹತ್ತು ಗಂಟೆಗೆ ಭಟ್ಕಳದಲ್ಲಿ ಬಸ್ಸು. ಶಿರಾಲಿ, ಬೈಲೂರು, ಮಂಕಿ ದಾಟಿ ಕಾಸರಕೋಡಕ್ಕೆ ಬಂದರೆ ಅಲ್ಲಿಗೆ ರಸ್ತೆ ಮುಗಿಯಿತು. ಎದುರಿಗೆ ಶರಾವತಿ, ಸೇತುವೆ ಇನ್ನೂ ಆಗಿರಲಿಲ್ಲ. ಲಾಂಚು ಬರುವ ತನಕ ಕಾದು, ಹೊಳೆ ದಾಟಿ, ಹೊನ್ನಾವರದ ಬಂದರಿನಲ್ಲಿ ಇಳಿದು, ಮತ್ತೆ ಬಸ್ಸು ಹಿಡಿದು, ಕರ್ಕಿ, ಹಳದೀಪುರ, ಧಾರೇಶ್ವರದ ಮೇಲೆ ಕುಮಟೆ. ಎಲ್ಲ ಸೇರಿ ಮೂವತ್ತೈದು-ನಲವತ್ತು ಮೈಲಿ. ಲಾರಿ ಹಿಡಿದ ಮೇಲೆ ಅಷ್ಟು ದೂರವನ್ನು ನಾನು ಒಂದು ಬೀಡಿಯ ದಾರಿ ಎನ್ನುತ್ತಿದ್ದೆ. ಆಗ ಅದಕ್ಕೆ ನಾಲ್ಕೂವರೆ ತಾಸು ಬೇಕಿತ್ತು. ಆ ನಾಲ್ಕೂವರೆ ತಾಸೂ ಬುಟ್ಟಿ ನನ್ನ ತೊಡೆಯ ಮೇಲೆ. ಬಸ್ಸಿನ ಮೇಲೆ ಇಡು ಎಂದು ಕಂಡಕ್ಟರು ಹೇಳಿದರೆ ನಾನು ಬೇಕಾದರೆ ಮೇಲೆ ಕೂರುತ್ತೇನೆ, ಬುಟ್ಟಿ ಕೆಳಗಿರಲಿ ಎನ್ನುತ್ತಿದ್ದೆ.

ದಾರಿಯಲ್ಲಿ ಎರಡು ಸಲ ನೀರು ಚಿಮುಕಿಸಬೇಕು. ಕಾಸರಕೋಡದಲ್ಲಿ ಒಮ್ಮೆ, ಹೊನ್ನಾವರ ಬಿಟ್ಟ ಮೇಲೆ ಒಮ್ಮೆ. ಭಟ್ಕಳದಿಂದ ನೀರು ಒಯ್ದರೆ ಬಿಸಿಲಿಗೆ ಬಿಸಿಯಾಗುತ್ತದೆ. ಹಾಗಾಗಿ ಕಾಸರಕೋಡದಲ್ಲಿ ಚಾದಂಗಡಿಯ ಹಿಂದಿದ್ದ ಬಾವಿಯಿಂದ ತಣ್ಣನೆಯ ನೀರು ಸೇದಿ ಶೀಷೆಗೆ ತುಂಬಿಕೊಳ್ಳುವುದು. ಇದು ಅವ್ವನ ಕಟ್ಟಪ್ಪಣೆ. ಮೊದಲ ಮೂರು ವರ್ಷ ಒಂದು ದಂಡೆಯೂ ನನ್ನ ಕೈಯಲ್ಲಿ ಕೆಟ್ಟಿರಲಿಲ್ಲ.

ಕುಮಟೆಯಲ್ಲಿ ನನ್ನ ಬುಟ್ಟಿ ಕಾಯುತ್ತಿದ್ದವಳು ಒಬ್ಬ ಹೂವಿನ ಹೆಂಗಸು. ನಲವತ್ತರ ಆಸುಪಾಸು. ನಾನು ಅಕ್ಕ ಎನ್ನುತ್ತಿದ್ದೆ. ಒಂದು ಬಟ್ಟೆ ಅಂಗಡಿಯ ಜಗುಲಿಯ ಮೂಲೆಯಲ್ಲಿ ಹಲಗೆ ಹಾಕಿಕೊಂಡು ಕೂರುತ್ತಿದ್ದಳು. ಗಂಡ ಪತ್ತೇಮಾರಿಯಲ್ಲಿದ್ದ, ಹಾಯಿ ಕಟ್ಟಿಕೊಂಡು ಹೆಂಚು, ಮರ ಹೊತ್ತು ಮುಂಬಯಿಗೂ ಅದರಾಚೆಗೂ ಹೋಗುವ ಆ ದೊಡ್ಡ ಹಡಗುಗಳು ಮಳೆಗಾಲದಲ್ಲಿ ಮಾತ್ರ ದಡ ಹತ್ತುತ್ತಿದ್ದವು. ಗಂಡ ಬಸ್ರಾದ ಖರ್ಜೂರ ತಂದುಕೊಟ್ಟಿದ್ದನಂತೆ. ಅವಳು ಮಾತ್ರ ಶರಾವತಿಯನ್ನು ಒಮ್ಮೆಯೂ ದಾಟಿದವಳಲ್ಲ.

ನಾನು ಬುಟ್ಟಿ ಇಳಿಸಿದ ಕೂಡಲೇ ಅವಳು ದಂಡೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಳು. ಮುಖದಲ್ಲಿ ಒಂದು ತಂಪು ಮೂಡುತ್ತಿತ್ತು. ಆಮೇಲೆ ತೋಟದ ಮಾತು. ಮೊದಲ ದಿನವೇ ಕೇಳಿದ್ದಳು, ತೋಟ ದೊಡ್ಡದಾ ಎಂದು. ಹೌದು ಎಂದೆ. ಇನ್ನೊಂದು ದಿನ, ಎಷ್ಟು ದೊಡ್ಡದು ಎಂದಳು. ಕಣ್ಣು ಹಾಯುವ ತನಕ ಎಂದೆ. ಹಾಗೆ ಸುರುವಾಯಿತು. ದಿನಕ್ಕೊಂದು ಸೇರಿಸುತ್ತ ಹೋದೆ. ತೋಟದ ನಡುವೆ ಮೆಟ್ಟಿಲು ಕಟ್ಟಿದ ಬಾವಿ ಬಂತು. ಬಾವಿಯಿಂದ ಕಾಲುವೆ ಹರಿಯಿತು. ಹೂ ಕೊಯ್ಯಲು ಇಪ್ಪತ್ತು ಹೆಂಗಸರು ಸಾಲಾಗಿ ಹಾಡು ಹೇಳುತ್ತ ಬಂದರು. ಬೆಳದಿಂಗಳಿಗೂ ತೋಟಕ್ಕೂ ಗುರುತು ಸಿಗುವುದಿಲ್ಲ ಎಂದು ಒಂದು ದಿನ ಹೇಳಿದ್ದು ನನಗೇ ಹಿಡಿಸಿತ್ತು. ಅವಳು ದಂಡೆ ಅಳೆಯುತ್ತಲೇ ಕೇಳುತ್ತಿದ್ದಳು. ನಡುವೆ ಗಿರಾಕಿ ಬಂದರೆ, "ತಡಿ, ಬಾವಿ ತನಕ ಬಂದಿದ್ದೆ, ನಿಲ್ಸು" ಎನ್ನುತ್ತಿದ್ದಳು. ಒಂದು ಸಲ ಹೇಳಿದಳು: ನಮ್ಮನೆಯವರು ಊರೂರು ನೋಡಿದರು, ನನಗೆ ಬಸ್ರಾ ಬೇಡ, ಮುಂಬಯಿ ಬೇಡ, ಸಾಯುವುದರೊಳಗೆ ಈ ಹೂವಿನ ತೋಟವನ್ನೊಮ್ಮೆ ನೋಡಬೇಕು. ಬನ್ನಿ ಅಕ್ಕಾ ಎಂದೆ. ಅವಳು ಬರುವವಳಲ್ಲ ಎಂಬ ಧೈರ್ಯ ನನಗಿತ್ತು.

ಕಾಸರಕೋಡದಲ್ಲಿ ಲಾಂಚಿಗೆ ಕಾಯುವಾಗಿನ ಮಾತುಗಳೇ ಬೇರೆ. ಅಲ್ಲಿ ಯಾರೂ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದೆ, ಮುಂದೆ ಎಲ್ಲಿಗೆ ಹೋಗಬೇಕೆಂದಿದ್ದೇನೆ, ಅದೇ ಪರಿಚಯ. ಭಟ್ಕಳದ ನವಾಯತ ಬಟ್ಟೆ ವ್ಯಾಪಾರಿಯೊಬ್ಬರು ಮದರಾಸು, ಕೊಲಂಬೊ ನೋಡಿದವರು. ಹಜ್ ಯಾತ್ರೆ ಮಾಡಿ ಬಂದರೆ ಮತ್ತೆ ಮನೆಯ ಹೊಸಿಲು ದಾಟುವುದಿಲ್ಲ ಎನ್ನುತ್ತಿದ್ದರು. ಪತ್ತೇಮಾರಿಯ ಒಬ್ಬ ತಾಂಡೇಲ ಇರುತ್ತಿದ್ದ. ತಾಂಡೇಲ ಎಂದರೆ ಹಡಗು ನಡೆಸುವ ಯಜಮಾನ. ಅವನು ಕರಾಚಿಯಿಂದ ಸುರು ಮಾಡಿದರೆ ಕೊಚ್ಚಿಯ ತನಕ ಒಂದೊಂದೇ ಬಂದರನ್ನು ಬೆರಳಿನಲ್ಲಿ ಮಡಚುತ್ತಿದ್ದ. ನಾನು ಬುಟ್ಟಿ ಮುಂದಿಟ್ಟುಕೊಂಡು ಕೇಳುತ್ತಿದ್ದೆ. ನನಗೆ ಇಪ್ಪತ್ತು-ಇಪ್ಪತ್ತೊಂದು; ಹುಡುಗಾಟದ ವಯಸ್ಸಲ್ಲ, ಮೀಸೆ ತಿರುವುವ ವಯಸ್ಸು. ಇವರೆಲ್ಲ ನನ್ನನ್ನು ಒಮ್ಮೆಯೂ ಕೇಳುವುದಿಲ್ಲವಲ್ಲ ಎಂದು ಒಳಗೊಳಗೇ ಉರಿಯುತ್ತಿತ್ತು.

ವೈಶಾಖದ ಒಂದು ದಿನ ತಾಂಡೇಲ ಕೇಳಿದ. "ಎಂತ ತಮಾ, ನೀ ಎಲ್ಲೆಲ್ಲಿ ತಿರಗ್ದೆ?"

ಕುಮಟೆ ಎನ್ನಲು ನಾಲಿಗೆ ಬರಲಿಲ್ಲ. "ಮುಂಬಯಿಗೆ ಹೋಗಿದ್ದೆ" ಎಂದೆ.

"ಹೌದಾ. ಎಲ್ಲಿ ಇಳ್ದೆ?"

"ಧಕ್ಕೆ ಮೇಲೆ, ಹಡಗು ನಿಲ್ಲೂ ಕಡೆ."

"ಯಾವ ಧಕ್ಕೆ?"

"ದೊಡ್ಡ ಧಕ್ಕೆ."

ತಾಂಡೇಲ ವ್ಯಾಪಾರಿಯ ಮುಖ ನೋಡಿದ. "ಸಮ, ಸಮ. ಮುಂಬಯಿಲಿ ಸಣ್ಣದು ಎಂತದೂ ಇಲ್ಲ" ಎಂದ. ಎಲ್ಲರೂ ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಬಿಡಲಿಲ್ಲ. ಟ್ರಾಮು ಹತ್ತಿದೆ, ಏಳು ಮಾಳಿಗೆಯ ಮನೆಯಲ್ಲಿ ಉಳಿದೆ ಎಂದೆಲ್ಲ ಹೇಳಿದೆ. ಅವರು ನಡುನಡುವೆ ಒಂದೊಂದು ಕೊಕ್ಕೆ ಹಾಕುವುದು, ನಾನು ಇನ್ನಷ್ಟು ಹೇಳುವುದು. ಆ ಗುಂಗಿನಲ್ಲಿ ಬಾವಿಯ ಕಡೆಗೆ ಹೋಗುವುದು ಮರೆತೇ ಹೋಯಿತು. ಲಾಂಚು ಬಂದು ಕೂಗು ಹಾಕಿದಾಗ ಶೀಷೆ ಖಾಲಿ. ಬಾವಿಗೆ ಹೋದರೆ ಲಾಂಚು ತಪ್ಪುತ್ತದೆ. ಅಂದು ಕುಮಟೆಯಲ್ಲಿ ಮದುವೆ, ಗೋಧೂಳಿ ಮುಹೂರ್ತ. ಮದುಮಗಳಿಗೂ ಮದುವೆ ಮನೆಯ ಹೆಂಗಸರಿಗೂ ಬೇಕಾದ ದಂಡೆಯೆಲ್ಲ ನನ್ನ ಬುಟ್ಟಿಯಲ್ಲೇ ಇತ್ತು. ಹಾರಿ ಲಾಂಚು ಹತ್ತಿದೆ.

ಹೊಳೆಯ ನಡುವೆ ಬಿಸಿಲು ನೆತ್ತಿ ಸುಡುತ್ತಿತ್ತು. ಬುಟ್ಟಿಯ ಬಟ್ಟೆ ಮುಟ್ಟಿ ನೋಡಿದೆ, ಒಣಗುತ್ತ ಬಂದಿತ್ತು. ಬೇಸಿಗೆಯಲ್ಲಿ ಆ ಹೊಳೆಯ ಬಾಯಲ್ಲಿ ಸಮುದ್ರದ ನೀರು ಏರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾದೀತು. ಕರಾವಳಿಯಲ್ಲಿ ಹುಟ್ಟಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ಆದರೆ ಈಗ ಇಳಿತದ ಹೊತ್ತು, ನೀರು ಮೇಲಿನಿಂದ, ಗೇರುಸೊಪ್ಪೆಯ ಕಡೆಯಿಂದ ಬರುತ್ತಿದೆ, ಅಷ್ಟೇನೂ ಉಪ್ಪಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡಲಿಲ್ಲ. ಕೈ ಅದ್ದಿ ಅದ್ದಿ ದಂಡೆಗಳ ಮೇಲೆ ಚಿಮುಕಿಸಿದೆ. ಹೊನ್ನಾವರ ಬಿಟ್ಟ ಮೇಲೆ, ಶೀಷೆಯಲ್ಲಿ ತುಂಬಿಕೊಂಡಿದ್ದ ಅದೇ ನೀರನ್ನು ಇನ್ನೊಮ್ಮೆ ಚಿಮುಕಿಸಿದೆ.

ಕುಮಟೆಯ ಜಗುಲಿಯ ಮೇಲೆ ಅಕ್ಕ ಎಲೆ ಬಿಡಿಸಿದಳು. ಮೊಗ್ಗುಗಳು ಬಾಯಿ ಬಿಟ್ಟಿರಲಿಲ್ಲ. ಆದರೆ ಮೇಲಿನ ಸುತ್ತಿನವುಗಳ ತುದಿ ಕಂದಿತ್ತು. ಬಿಳಿಯ ಮೇಲೆ ಚಾದ ಬಣ್ಣ. ಅವಳು ನನ್ನ ಮುಖ ನೋಡಿದಳು.

"ಬಿಸ್ಲು ಅಕ್ಕಾ" ಎಂದೆ. "ಇವತ್ತು ಬಿಸ್ಲು ವಿಪರೀತ."

ಅವಳು ಒಂದು ಮೊಗ್ಗು ಕಿತ್ತು ನಾಲಿಗೆಯ ತುದಿಗೆ ತಾಗಿಸಿದಳು. ಕಣ್ಣು ಸಣ್ಣ ಮಾಡಿದಳು.

"ಬಿಸ್ಲು ಉಪ್ಪಾಗಿರ್ತದಾ ತಮಾ?"

ನನ್ನ ಜನ್ಮದಲ್ಲಿ ಅಷ್ಟು ಮೆತ್ತಗಿನ ದನಿಯಲ್ಲಿ ಅಷ್ಟು ಪೆಟ್ಟು ತಿಂದದ್ದಿಲ್ಲ. ತಲೆ ತಗ್ಗಿಸಿ, ಹೊಳೆ ನೀರು ಹಾಕಿದೆ ಎಂದೆ. ಬೈಯಲಿಲ್ಲ. ಕೂತುಕೋ ಎಂದು ಪಕ್ಕದಲ್ಲಿ ಜಾಗ ತೋರಿಸಿದಳು. ಇಬ್ಬರೂ ಸೇರಿ ದಂಡೆಗಳನ್ನೆಲ್ಲ ಬಿಚ್ಚಿ, ನೀರು ತಾಗದೆ ಒಳಗೆ ಉಳಿದಿದ್ದ ಮೊಗ್ಗುಗಳನ್ನು ಆರಿಸಿದೆವು. ಅವಳು ಮತ್ತೆ ಕಟ್ಟಿದಳು. ನಾನು ನಾರು ಸೀಳಿ ಕೊಟ್ಟೆ. ಪೇಟೆಯ ನಡುವೆ, ಮೀಸೆ ಹೊತ್ತ ಗಂಡಸು ಹೂವಿನ ನಾರು ಸೀಳುತ್ತ ಕೂತದ್ದನ್ನು ನೋಡಿ ಹೋಗುವವರು ಬರುವವರು ನಿಂತು ಕೇಳಿದರು. ನಮ್ಮ ತಮ್ಮ ಹೂ ಕಟ್ಟುವುದು ಕಲಿಯುತ್ತಿದ್ದಾನೆ ಎಂದಳು. ಮದುಮಗಳಿಗೆ ಸಾಕಾಗುವಷ್ಟು ಒಳ್ಳೆಯ ಮೊಗ್ಗು ಸಿಕ್ಕಿತು. ಉಳಿದ ಹೆಂಗಸರಿಗೆ ಅಬ್ಬಲಿಗೆ, ಎಂದರೆ ಕನಕಾಂಬರ, ಹೊಂದಿಸಿದಳು.

ಮದುವೆ ಮನೆಗೆ ಬುಟ್ಟಿ ಹೊತ್ತು ನಾನೇ ಅವಳ ಹಿಂದೆ ಹೋದೆ. ಮದುಮಗಳ ಸೋದರತ್ತೆಯೊಬ್ಬರು ಬುಟ್ಟಿ ನೋಡಿ, ಭಟ್ಕಳದ ಮಲ್ಲಿಗೆ ಎಂದು ಹೇಳಿ ಅಬ್ಬಲಿಗೆ ತಂದೆಯಲ್ಲ, ನಿನ್ನ ಮಾತು ನಂಬಿ ಬೇರೆಯವರಿಗೆ ಹೇಳದೆ ಕೂತೆವಲ್ಲ ಎಂದು ಹತ್ತು ಜನರ ಎದುರು ಅಂದರು. ಅಕ್ಕ, ತಪ್ಪಾಯಿತು, ನನ್ನ ಕಡೆಯಿಂದಲೇ ಆಯಿತು ಎಂದಳು. ನನ್ನ ಕಡೆ ಬೆರಳು ತೋರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ತೋರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಗೆ ಬಂದ ಮೇಲೆ ಹೇಳಿದಳು. "ನಾಳೆ ಹೂ ತರಬೇಡ. ನಾಡಿದ್ದು ಬೆಳಿಗ್ಗೆ ಹೊನ್ನಾವರದ ಬಂದರಿಗೆ ಬಾ. ನಾ ಬತ್ತೆ, ತೋಟ ನೋಡ್ಬೇಕು. ಹೂ ಎಲ್ಲಿಂದ ಬತ್ತದೆ, ಹ್ಯಾಂಗೆ ಬತ್ತದೆ, ಕಣ್ಣಲ್ಲಿ ನೋಡಿ ಮತ್ತೆ ಹೇಳ್ತೆ, ನಿನ್ನ ಕೈಲಿ ತರ್ಸೂದಾ ಬೇಡ್ವಾ ಅಂತ."

ಆ ಎರಡು ದಿನ ಲೆಕ್ಕ ಹಾಕುತ್ತ ಕೂತೆ. ಅವಳು ಬೇಡ ಎಂದರೆ ನಮಗೆ ಕುಮಟೆ ಮುಗಿಯಿತು. ಇನ್ನು ಭಟ್ಕಳದ ಪೇಟೆಯಲ್ಲಿ ನೂರು ಬುಟ್ಟಿಗಳ ನಡುವೆ ನಮ್ಮದೊಂದು. ಅದಕ್ಕಿಂತ ಹೆಚ್ಚಿನದು, ಹೂ ಕೆಡದೆ ತರುವವನು ಎಂಬ ನನ್ನ ಹೆಸರು. ಓದಿಲ್ಲದವನಿಗೆ ಮಾಡುವ ಕೆಲಸದ ಹೆಸರೊಂದೇ ಹೆಸರು. ಉಪ್ಪುನೀರಿನ ತಪ್ಪಿಗೆ ಕ್ಷಮೆ ಸಿಕ್ಕೀತು, ಆದರೆ ತೋಟ? ಕಣ್ಣು ಹಾಯುವ ತನಕ ಇದ್ದ ತೋಟ, ಮೆಟ್ಟಿಲು ಬಾವಿ, ಹಾಡುವ ಇಪ್ಪತ್ತು ಹೆಂಗಸರು? ನಮ್ಮ ಹಿತ್ತಲಿನಲ್ಲಿ ಇದ್ದದ್ದು ಇಪ್ಪತ್ತೆರಡು ಗಿಡ. ಅದರಾಚೆಗೆ ದನದ ಕೊಟ್ಟಿಗೆ, ಗೊಬ್ಬರದ ಗುಂಡಿ. ಹಾಡುವವಳು ಅವ್ವ ಒಬ್ಬಳೇ, ಅದೂ ಮನಸ್ಸು ಬಂದ ದಿನ.

ಹೇಳಿದ ದಿನ ಅವಳು ಬಂದಳು. ಇಸ್ತ್ರಿ ಮಾಡಿದಂತೆ ಮಡಿಕೆ ಬಿದ್ದ ಸೀರೆ, ತಲೆಯಲ್ಲಿ ನಿನ್ನೆಯ ಅಬ್ಬಲಿಗೆ, ಕೈಯಲ್ಲೊಂದು ಬಟ್ಟೆಯ ಗಂಟು. ಮನೆಯವರ ಹಡಗು ಹೋದ ಬಂದರಿನಿಂದಲೇ ನಾನೂ ಹೊರಟೆ ನೋಡು ಎಂದು ನಕ್ಕಳು. ಲಾಂಚು ಹತ್ತುವಾಗ ಹಲಗೆಯ ಮೇಲೆ ಎರಡು ಸಲ ಕಾಲಿಟ್ಟು ತೆಗೆದಳು. ನಾನು ಕೈ ಕೊಡಲು ಹೋದರೆ ಬೇಡ ಎಂದಳು. ಹೊಳೆಯ ನಡುವೆ ಬಂದಾಗ ಅವಳು ಎರಡೂ ಕಡೆ ತಿರುಗಿ ತಿರುಗಿ ನೋಡಿದಳು. ಒಂದು ಕಡೆ ಅಳಿವೆ, ಅದರಾಚೆ ಬಿಳಿ ನೊರೆ, ಸಮುದ್ರ. ಇನ್ನೊಂದು ಕಡೆ ಹೊಳೆಯ ನಡುಗಡ್ಡೆಗಳು, ತೆಂಗಿನ ಕುದ್ರುಗಳು, ಅವುಗಳ ಹಿಂದೆ ನೀಲಿ ಘಟ್ಟ. ನಾನು ದಿನವೂ ದಾಟುತ್ತಿದ್ದ ಹೊಳೆ ಅಷ್ಟು ಅಗಲವಿತ್ತೆಂದು ಅವಳ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು. ಮುಂದೆ ಎಷ್ಟೋ ನದಿಗಳನ್ನು ದಾಟಿದ್ದೇನೆ, ಗಂಗೆ, ಬ್ರಹ್ಮಪುತ್ರ ಎಲ್ಲ. ಆದರೆ ಹೊಳೆಯನ್ನು ನೋಡುವವರನ್ನು ಹಾಗೆ ಕೂತು ನೋಡಿದ್ದು ಅದೊಂದೇ ಸಲ.

ತೋಟದ ವಿಷಯ ಲಾಂಚಿನಲ್ಲೇ ಹೇಳಿಬಿಡಬೇಕೆಂದಿದ್ದೆ. ಆಗಲಿಲ್ಲ. ಮಂಕಿಯಲ್ಲಿ ಹೇಳುವುದೆಂದುಕೊಂಡೆ, ಅಲ್ಲಿ ಅವಳು ಕಿಟಕಿಯಿಂದ ಹೊರಗೆ ಬಗ್ಗಿ, ಇದು ಯಾವ ಊರು, ಅದು ಯಾವ ಗುಡ್ಡ ಎಂದು ಕೇಳುತ್ತಿದ್ದಳು. ಶಿರಾಲಿ ಬಂತು, ಹೋಯಿತು. ಭಟ್ಕಳದಲ್ಲಿ ಇಳಿದು ಮುಟ್ಟಳ್ಳಿಯ ದಾರಿ ಹಿಡಿದೆವು. ಗದ್ದೆಯ ಹಾಳಿಯ, ಎಂದರೆ ಬದುವಿನ, ಮೇಲೆ ನಾನು ಮುಂದೆ, ಅವಳು ಹಿಂದೆ. ಬೇಸಿಗೆಯ ಗದ್ದೆಯಲ್ಲಿ ಯಾರೋ ಹರಿವೆ, ಸೌತೆ ಹಾಕಿದ್ದರು. ನಮ್ಮ ಮನೆಯ ಹುಲ್ಲಿನ ಮಾಡು ಕಾಣುವಷ್ಟು ಹತ್ತಿರ ಬಂದ ಮೇಲೆ ತಿರುಗಿ ನಿಂತೆ.

"ಅಕ್ಕಾ, ತೋಟ ನಾ ಹೇಳ್ದಷ್ಟೆಲ್ಲ ಇಲ್ಲ."

"ಎಷ್ಟಿದೆ?"

"ಇಪ್ಪತ್ತೆರಡು ಗಿಡ."

ಅವಳು ಸೆರಗಿನಲ್ಲಿ ಬೆವರು ಒರೆಸಿಕೊಂಡಳು. "ನಂಗೆ ಗೊತ್ತಿತ್ತು ಮಾರಾಯ. ಕಣ್ಣು ಹಾಯೂ ತನಕ ತೋಟ ಇದ್ರೆ ನೀ ದಿನಾ ಒಂದೇ ಬುಟ್ಟಿ ಹೊತ್ಕಂಡು ಎಂತಕ್ಕೆ ಬತ್ತಿದ್ದೆ?"

ಮೂರು ವರ್ಷದಲ್ಲಿ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಹಾಗಾದರೆ ದಿನಾ ಕೇಳುತ್ತಿದ್ದದ್ದು ಏಕೆ ಎಂದೆ.

"ಕೇಳೂಕೆ ಚಂದ ಇತ್ತು. ನಮ್ಮನೆಯವ್ರು ಹಡಗಿನವ್ರು, ಮಳೆಗಾಲ ನಾಕು ತಿಂಗಳೂ ಇಂಥದ್ದೇ ಕೇಳ್ತೆ. ಅಲೆ ಮಾಡಿನಷ್ಟು ಎತ್ತರ ಅಂದ್ರೆ ಸೊಂಟದಷ್ಟು ಅಂತ ತಿಳ್ಕಂತೆ. ತೋಟ ದೊಡ್ಡ ಮಾಡಿದ್ದಕ್ಕೆ ನಂಗೆ ಬೇಜಾರಿಲ್ಲ. ಬಿಸ್ಲು ಅಂದ್ಯಲ, ಅದಕ್ಕೆ ಬೇಜಾರು. ಹೂ ಹ್ಯಾಂಗೆ ಕೆಟ್ಟಿತು ಅಂತ ನೀ ಸಮ ಹೇಳ್ದಿದ್ರೆ ನಾ ಗಿರಾಕಿಗೆ ಎಂತ ಹೇಳೂದು?"

ಆ ಪ್ರಶ್ನೆ ನೆನಪಾಗಿ ಇಂದಿಗೂ ಬರೆಯಲು ಕೂತಾಗ ಕೈ ಒಂದೊಂದು ಕಡೆ ತಡೆಯುತ್ತದೆ. ಗುಡ್ಡವನ್ನು ಒಂದು ಗೇಣು ಎತ್ತರ ಮಾಡಿದರೂ ಮಾಡಿಯೇನು. ಇಂಥಲ್ಲಿ ನೀರು ಸಿಗುತ್ತದೆ, ಇಂಥ ದಾರಿ ಸುರಕ್ಷಿತ ಎಂದು ಮಾತ್ರ ಕಾಣದೆ ಬರೆಯಲಾರೆ. ಅದನ್ನು ನಂಬಿ ಹೊರಡುವವರು ಇರುತ್ತಾರೆ.

ಹಿತ್ತಲಿಗೆ ಬಂದು ಅವಳು ಗಿಡಗಳ ನಡುವೆ ನಿಧಾನಕ್ಕೆ ನಡೆದಳು. ಒಂದೊಂದರ ಮುಂದೂ ನಿಂತಳು. ಅವಳು ಬರುತ್ತಾಳೆಂದು ಅವ್ವ ಅರ್ಧದಷ್ಟು ಗಿಡಗಳನ್ನು ಕೊಯ್ಯದೆ ಉಳಿಸಿದ್ದಳು. ಬಿಸಿಲೇರಿದ್ದರೂ ಎಲೆಗಳ ಅಡಿಯಲ್ಲಿ ಮೊಗ್ಗುಗಳು ಬಿಗಿಯಾಗಿ, ತಣ್ಣಗೆ ಇದ್ದವು. ಅಕ್ಕನೂ ಸೆರಗು ಕಟ್ಟಿ ಕೊಯ್ಯಲು ನಿಂತಳು. ಕೊಟ್ಟಿಗೆಯ ದನ ಅವಳನ್ನು ನೋಡಿ ಕೂಗಿತು; ಹಾಡುವ ಇಪ್ಪತ್ತು ಹೆಂಗಸರಲ್ಲಿ ಒಬ್ಬಳು ಈ ದನವೇ ಇರಬೇಕು ಎಂದಳು ಅಕ್ಕ. ಅವ್ವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ನಾನು ತೆಂಗಿನ ಮರದ ಬುಡಕ್ಕೆ ಸರಿದೆ.

ಆಮೇಲೆ ಅವರಿಬ್ಬರದೇ ಮಾತು. ಯಾವ ಗಿಡ ಯಾವಾಗ ಸವರುವುದು, ನಾರು ಎಷ್ಟು ನೆನೆಯಬೇಕು, ದಂಡೆಯನ್ನು ಎಲೆಯ ಯಾವ ಮಗ್ಗುಲಿಗೆ ಇಡಬೇಕು, ಕಾಸರಕೋಡದಲ್ಲಿ ಯಾವ ಬಾವಿಯ ನೀರು ತುಂಬಿಕೊಳ್ಳಬೇಕು. ಅವಳು ತಾನು ಕುಮಟೆಯಲ್ಲಿ ಕಟ್ಟುವ ಗಂಟನ್ನು ತೋರಿಸಿದಳು. ಅವ್ವ ಬಿಚ್ಚಿ ತನ್ನ ಗಂಟು ಹಾಕಿದಳು. ಗಂಜಿ ಉಂಡೆವು, ಒಣಮೀನಿನ ಚಟ್ನಿಯಿತ್ತು. ನನ್ನ ತಪ್ಪಿನ ಬಗ್ಗೆ ಅವ್ವನ ಮುಂದೆ ಅವಳು ಒಂದು ಮಾತೂ ಎತ್ತಲಿಲ್ಲ. ಆದರೆ ಹೊರಡುವ ಮೊದಲು ಬಾವಿಯ ಕಟ್ಟೆಗೆ ಹೋಗಿ ತಾನೇ ಒಂದು ಕೊಡ ಸೇದಿದಳು. ಬೊಗಸೆಯಲ್ಲಿ ಕುಡಿದು, ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡು ನುಂಗಿದಳು. ಮೆಟ್ಟಿಲಿಲ್ಲದಿದ್ದರೂ ನೀರು ಒಳ್ಳೆಯದಿದೆ ಎಂದು ನನ್ನ ಕಡೆ ನೋಡದೆ ಹೇಳಿದಳು.

ಒಂದು ಗಂಟೆಯ ಬಸ್ಸಿಗೆ ಮೂವರೂ ಭಟ್ಕಳಕ್ಕೆ ನಡೆದು ಬಂದೆವು. ಬುಟ್ಟಿ ನನ್ನ ತಲೆಯ ಮೇಲಿತ್ತು. ನಾನು ಬಸ್ಸು ಹತ್ತಲು ಹೋದಾಗ ಅವಳು ಕೈ ಚಾಚಿ ಬುಟ್ಟಿ ಇಳಿಸಿಕೊಂಡಳು. ಖಾಲಿ ಶೀಷೆಯನ್ನೂ ಕೇಳಿ ತೆಗೆದುಕೊಂಡಳು.

"ನೀ ಬರೂದು ಬೇಡ. ನಾನೇ ತಕಂಡು ಹೋಗ್ತೆ."

ಅವ್ವ ನನ್ನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ನಿಮಗೆ ಒಬ್ಬರೇ ಹೊಳೆ ದಾಟಿ ಅಭ್ಯಾಸವಿಲ್ಲ, ಜೊತೆಗೆ ಬರುತ್ತೇನೆ ಎಂದೆ. ಅವಳು ಬಸ್ಸು ಹತ್ತಿ, ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಬುಟ್ಟಿ ಮೇಲೆ ಹಾಕಿ ಎಂದು ಕಂಡಕ್ಟರು ಹೇಳಿದ. ಅವಳು ಅವನನ್ನು ಒಂದು ಸಲ ನೋಡಿದಳು, ಅವನು ಮುಂದೆ ಹೋದ. ಡ್ರೈವರು ಬಸ್ಸು ಸುರು ಮಾಡಿದ. ಆಗ ಕಿಟಕಿಗೆ ಬಗ್ಗಿದಳು.

"ಚಾದಂಗಡಿ ಹಿಂದಿನ ಬಾವಿ ಅಲ್ದಾ? ಎಡಕ್ಕಾ ಬಲಕ್ಕಾ?"

"ಎಡಕ್ಕೆ. ಹಗ್ಗ ಅಂಗಡಿಯವ್ರ ಹತ್ರ ಕೇಳ್ಬೇಕು."

"ಆತು. ಲಾಂಚು ತಪ್ಪಿದ್ರೆ ತಪ್ಲಿ, ನೀರು ತುಂಬ್ಕಂಡೇ ಹೋಗ್ತೆ. ನೀ ನಾಳೆ ಎಂದಿನ ಬಸ್ಸಿಗೇ ಬಾ. ಇವತ್ತು ಒಂದು ದಿನ ಮನೇಲಿರು."

ಬಸ್ಸು ಧೂಳೆಬ್ಬಿಸಿ ಶಿರಾಲಿಯ ಕಡೆಗೆ ಹೋಯಿತು. ಅದು ತಿರುವು ದಾಟುವ ತನಕ ನಾವಿಬ್ಬರೂ ನಿಂತ ಜಾಗದಿಂದ ಅಲುಗಲಿಲ್ಲ. ಮೂರು ವರ್ಷದಲ್ಲಿ ನಮ್ಮ ಬುಟ್ಟಿ ಬಸ್ಸಿನಲ್ಲಿ ಹೋದ ಮೇಲೂ ನಾನು ಕೈಯಲ್ಲಿ ಏನೂ ಇಲ್ಲದೆ ಭಟ್ಕಳದಲ್ಲಿ ನಿಂತದ್ದು ಅದೇ ಮೊದಲು. ನಾಳೆ ಎಷ್ಟು ದಂಡೆ ಕಟ್ಟಲಿ ಎಂದು ಅವ್ವ ಕೇಳಿದಳು. ಎಂದಿನಷ್ಟೇ ಎಂದೆ. ಹಾಗಾದರೆ ಬಾಳೆನಾರು ಸಾಲದು, ನೆನೆಹಾಕಬೇಕು, ಬೇಗ ನಡಿ ಎಂದಳು. ನಾವು ಮನೆಯ ದಾರಿ ಹಿಡಿದೆವು.